ಅಜ್ಜಿ ಸೋಸಿದ ಹರ್ಬೇರಿಯಂ

ನನ್ನ ಅಜ್ಜಿ ಮುನಿಶಾಮಮ್ಮನ ಜೊತೆ ನಾನು ಮೂರು ದಿನ ಮಾತು ಬಿಟ್ಟಿದ್ದೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಅದು ಇನ್ನೂ ಹೊಟ್ಟೆ ಉರಿಸಿತು.

ನಾನು ಶಿವಾನಿ, ಬಿ.ಎಸ್ಸಿ ಎರಡನೇ ವರ್ಷ. ಗೌನಿಪಲ್ಲಿಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಕೋಲಾರದ ಕಾಲೇಜಿಗೆ ಹೋಗುತ್ತೇನೆ. ಅಲ್ಲಿ ಜೀವಶಾಸ್ತ್ರ ಪ್ರತಿಭಾ ಬಳಗ ಅಂತ ಒಂದಿದೆ. ಅದಕ್ಕೆ ಸೇರಿದವರನ್ನು ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ನಮ್ಮ ಕಾಲೇಜಿನ ಮೈಕ್ರೋಸ್ಕೋಪಿಗೆ ಏಳು ಜನರ ಹಿಂದೆ ನಿಂತು ನಿಂತು ನನಗೆ ಸಾಕಾಗಿತ್ತು. ನನಗೆ ಆ ಬಳಗ ಬೇಕೇ ಬೇಕಿತ್ತು.

ಸೇರಲು ಅಂಕ ಸಾಲದು, ಮೂವತ್ತು ಗಿಡಗಳ ಹರ್ಬೇರಿಯಂ ಕೊಡಬೇಕು. ಅಂದರೆ ಬೇರು, ಎಲೆ, ಹೂವು ಸಮೇತ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಹೆಸರು ಬರೆದು ಹಾಳೆಗೆ ಅಂಟಿಸಬೇಕು. ನಾನು ನಮ್ಮೂರ ಹೊಲಗಳಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪುಗಳನ್ನೇ ಆರಿಸಿಕೊಂಡೆ. ರಾಗಿ ಹೊಲದ ಬದು, ಮಾವಿನ ತೋಪು ಎಲ್ಲ ಸುತ್ತಿ ಕಿತ್ತು ತಂದೆ. ಅಜ್ಜಿಯನ್ನು ಒಂದು ಮಾತೂ ಕೇಳಲಿಲ್ಲ. ಕಾಲೇಜು ಓದುವವಳು ಇವಳನ್ನು ಕೇಳುವುದೇನು ಎಂಬ ಧಿಮಾಕು.

ಮುನಿಶಾಮಮ್ಮ ಹುಟ್ಟಿದಾಗಿನಿಂದ ಮಾಡಿರುವುದು ಅದೇ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಳೆ ಬಿದ್ದರೆ ಮಡಿಲು ಕಟ್ಟಿಕೊಂಡು ಹೊಲಕ್ಕೆ ಹೊರಟಳೆಂದೇ ಲೆಕ್ಕ. ಅಣ್ಣೆ, ಗಣಿಕೆ, ಗೋಣಿ, ಇನ್ನೂ ಹೆಸರೇ ಕೇಳದ ಹತ್ತಾರು ಸೊಪ್ಪು ತಂದು ಸೋಸಿ ಮಸ್ಸೊಪ್ಪು ಮಾಡುತ್ತಾಳೆ. ಅವಳು ಸೋಸಿದ ಸೊಪ್ಪಿನಲ್ಲಿ ಒಂದು ಬೇರು, ಒಂದು ಹೂವು ಸಿಕ್ಕಿದರೆ ಕೇಳಿ. ಮೂವರು ಸೊಸೆಯರು ಅವಳ ಕೈಯಲ್ಲಿ ಬೈಸಿಕೊಂಡೇ ಈ ವಿದ್ಯೆ ಕಲಿತಿದ್ದಾರೆ.

ಕೊಡುವ ದಿನದ ಹಿಂದಿನ ಸಂಜೆ ಮನೆಗೆ ಬಂದೆ. ಅಜ್ಜಿ ಜಗಲಿಯಲ್ಲಿ ನನ್ನ ಕಾಗದಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಣಗಿದ ಬೇರು, ಹೂವುಗಳ ಗುಡ್ಡೆ.

"ಅಜ್ಜೀ! ಏನ್ ಮಾಡ್ದೆ ನೀನು?"

"ಸೋಸ್ದೆ ಕಣೇ. ಬೇರು, ಹೂವು ಸಮೇತ ಸೊಪ್ಪು ಯಾರಾದ್ರೂ ಕೊಡ್ತಾರಾ? ಇವಳ ಮನೇಲಿ ಸೊಪ್ಪು ಸೋಸೋದು ಹೇಳ್ಕೊಟ್ಟಿಲ್ಲ ಅಂತ ನಿಮ್ಮ ಮೇಷ್ಟ್ರು ಅನ್ನಲ್ವಾ?"

ನನಗೆ ಅಳು ಬಂತು, ಕೂಗಾಡಿದೆ. ಅವಳು "ಪೋನೀ ಬಿಡೇ, ನಾಳೆ ಬೇರೆ ಕಿತ್ಕೊಡ್ತೀನಿ" ಅಂದಳು. ಒಣಗಲು ಹತ್ತು ದಿನ ಬೇಕು ಎಂದು ಇವಳಿಗೆ ಹೇಳುವವರು ಯಾರು? ಒಂದು ಹಾಳೆಯನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಏಕೆ ಎಂದು ಕೇಳುವ ತಾಳ್ಮೆ ನನಗಿರಲಿಲ್ಲ.

ಮರುದಿನ ಹೋದೆ. ಬಳಗ ನಡೆಸುವ ಅಮರನಾಥ್ ಸರ್ ಹಾಳೆಗಳನ್ನು ತಿರುವಿದರು. "ಇದು ಹರ್ಬೇರಿಯಂ ಅಲ್ಲಮ್ಮ. ನೇರ ಪಾತ್ರೆಗೆ ಹಾಕ್ಬೋದು" ಅಂದರು. ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಅಜ್ಜಿ ಮುಟ್ಟದ ಹಾಳೆಯನ್ನು ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು.

"ಹೊನಗೊನ್ನೆ ಸೊಪ್ಪು ಅಂತ ಬರ್ದಿದ್ದೀಯ. ಇದು ಹೊನಗೊನ್ನೆ ಅಲ್ಲ, ಅದರ ಹಾಗೇ ಕಾಣೋ ಕಳೆ. ನಿಮ್ಮಜ್ಜಿ ಇದನ್ನ ಯಾಕೆ ಬಿಟ್ರು?"

ಮನೆಗೆ ಬಂದರೂ ಮೂರು ದಿನ ತಡೆದುಕೊಂಡೆ, ಕೊನೆಗೆ ಮಾತು ಬಿಟ್ಟಿದ್ದರೂ ಕೇಳಿದೆ. "ಅದು ಸೊಪ್ಪಾ? ಅದನ್ನ ಯಾರು ತಿಂತಾರೆ!" ಅಂದಳು. ಬೇರು, ಹೂವು ಎಲ್ಲ ಸರಿಯಾಗಿ ಉಳಿದಿದ್ದ ಒಂದೇ ಒಂದು ಹಾಳೆಯೂ ತಪ್ಪು.

ಅಜ್ಜಿಯ ಮಾತನ್ನು ಸರ್‌ಗೆ ಹೇಳಿದೆ. ಬಳಗದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅದರ ಬದಲು ಪತ್ರವೊಂದು ಬಂತು. ಬಳಗದ ಉದ್ಘಾಟನೆಗೆ ಅತಿಥಿ ಮುನಿಶಾಮಮ್ಮನವರು! ಅವಳು ವೇದಿಕೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಸೊಪ್ಪಿನ ಗುರುತು ಹೇಳಿದಳು. ತೆಲುಗು ಬಾರದ ಹುಡುಗರಿಗೆ ಪಕ್ಕದಲ್ಲಿ ನಿಂತು ಕನ್ನಡ ಮಾಡಿದವಳು ನಾನು. ಕೊನೆಗೆ ಗೌರವ ಸದಸ್ಯೆ ಎಂದು ಅವಳ ಸೆರಗಿಗೆ ಬ್ಯಾಡ್ಜ್ ಚುಚ್ಚಿದರು.

ಬಸ್ಸಿನಲ್ಲಿ ಅದನ್ನು ಬಿಚ್ಚಿ, "ನಿಂಗೇ ಬೇಕಿತ್ತಲ್ಲ, ತಗೋಳೇ" ಅಂದಳು. ತೆಗೆದುಕೊಳ್ಳಲು ಕೈ ತುರಿಸಿತು, ನಿಜ. ಬೇಡ ಅಂದೆ.

ಈಗ ಮುಂದಿನ ವರ್ಷಕ್ಕೆ ಮತ್ತೆ ಗಿಡ ಒತ್ತುತ್ತಿದ್ದೇನೆ. ಪ್ರತಿಯೊಂದನ್ನೂ ಮೊದಲು ಅವಳಿಗೆ ತೋರಿಸುತ್ತೇನೆ. ಹೆಸರು ಹೇಳುತ್ತಾಳೆ, ಹೇಳುತ್ತಲೇ ಅವಳ ಉಗುರು ಬೇರಿನ ಹತ್ತಿರ ಹೋಗಿರುತ್ತದೆ. ಕಿರುಚಬೇಕು ಎನಿಸುತ್ತದೆ. ಆದರೆ ಅವಳ ಸೆರಗಿನಲ್ಲಿ ಮತ್ತೆ ಆ ಬ್ಯಾಡ್ಜ್ ಇದೆ. ಬಳಗದ ಸದಸ್ಯೆಯನ್ನು ಬೈಯುವಷ್ಟು ದೊಡ್ಡವಳು ನಾನಿನ್ನೂ ಆಗಿಲ್ಲ.