ಕಾಕಾನ ಕಾರಿನ ಕರಿ ಹಾಳೆ

ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಆ ಅಂಟಿನ ವಾಸನೆ ಇದೆ. ಮೂರು ಸಲ ಸಾಬೂನು ಹಚ್ಚಿ ತೊಳೆದರೂ ಹೋಗಿಲ್ಲ. ರೊಟ್ಟಿ ಮುರಿಯುವಾಗ ಒಮ್ಮೆ, ಮಕ್ಕಳ ನೋಟ್‌ಬುಕ್ ತಿದ್ದುವಾಗ ಒಮ್ಮೆ ಮೂಗಿಗೆ ಬಡಿಯುತ್ತದೆ. ಬಿಸಿಲಿಗೆ ಕಾದ ಹಳೆಯ ಗೋಂದಿನ ವಾಸನೆ, ಒಳ್ಳೆಯದೇನಲ್ಲ. ಆದರೂ ಎರಡು ದಿನದಿಂದ ನಾನು ಬೆರಳನ್ನು ಮೂಗಿನ ಹತ್ತಿರ ಒಯ್ದು ಒಯ್ದು ನೋಡುತ್ತಿದ್ದೇನೆ. ಹೆಂಡತಿ ಗಮನಿಸಿದ್ದಾಳೆ.

ವಾಸನೆ ಹತ್ತಿದ್ದು ಬನಹಟ್ಟಿಯ ನಮ್ಮ ಕಾಕಾನ ಕಾರಿನಿಂದ. ಕಾಕಾ ಅಂದರೆ ನನ್ನ ತಂದೆಯ ತಮ್ಮ, ನೂಲಿನ ವ್ಯಾಪಾರಿ. ಅವರು ತೀರಿಕೊಂಡು ಎರಡು ವರ್ಷವಾಯಿತು. ಮನೆಯಲ್ಲಿ ಈಗ ಅವರ ಹೆಂಡತಿ, ನಮ್ಮ ಕಾಕು ಇದ್ದಾಳೆ, ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಬಿಳಿ ಕಾರು ಇದೆ. ನಾನು ಜಮಖಂಡಿಯಲ್ಲಿ ಮಾಸ್ತರ. ರವಿವಾರಕ್ಕೊಮ್ಮೆ ಹೋಗಿ ಕಾರನ್ನು ಚಾಲೂ ಮಾಡಿ, ಒಂದಿಷ್ಟು ದೂರ ಓಡಿಸಿ, ಮತ್ತೆ ನಿಲ್ಲಿಸಿ ಬರುತ್ತೇನೆ. ನನ್ನ ಡ್ರೈವಿಂಗಿನ ಬಗ್ಗೆ ಹೇಳಬೇಕೆಂದರೆ, ಆ ಶೆಡ್ಡಿನ ಎಡಗಡೆಯ ಕಂಬ ಈಗ ಬಲಗಡೆಗೆ ವಾಲಿದೆ. ಅಷ್ಟು ಸಾಕು.

ಆ ಕಾರಿನ ಮುಂದಿನ ಗಾಜೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಕರಿ ಹಾಳೆ. ಹಚ್ಚಿಸಿದಾಗ ಕಾಡಿಗೆಯ ಹಾಗಿತ್ತು. ಬರಬರುತ್ತ ಬದನೆಕಾಯಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಕಾಕಾ ಅದನ್ನು ಯಾಕೆ ಹಚ್ಚಿಸಿದರು ಎಂಬುದಕ್ಕೆ ನಮ್ಮ ಮನೆತನದಲ್ಲಿ ಒಂದೇ ಉತ್ತರ. ಕಾಕು ಚೆಲುವೆ, ಕಾಕಾಗೆ ಸಂಶಯ, ಯಾರ ಕಣ್ಣೂ ಬೀಳಬಾರದೆಂದು ಹೆಂಡತಿಯನ್ನು ಕತ್ತಲಲ್ಲಿ ಕೂಡಿಸಿ ಒಯ್ಯುತ್ತಾರೆ. ಮದುವೆ ಮನೆಯಲ್ಲಿ ಈ ಮಾತು ಹೊರಟರೆ ಹೋಳಿಗೆ ತಟ್ಟುವವರ ಕೈ ನಿಲ್ಲುತ್ತಿತ್ತು. ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಕಾಕು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ನಗುವವರಲ್ಲಿ ನಾನೂ ಇದ್ದೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನೊಂದು ತಮಾಷೆಯೂ ಇತ್ತು. ಕಾರು ಅಂಗಡಿಯ ಹಿಂದಿನ ಗೋಡೆಗೆ ಮೂತಿ ಹಚ್ಚಿ ನಿಂತ ಮೇಲೂ ಎಷ್ಟೋ ಹೊತ್ತು ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ಏನೂ ಕಾಣುತ್ತಿರಲಿಲ್ಲ. ಕಾರು ಮಾತ್ರ ಅತ್ತಿತ್ತ ಅಲ್ಲಾಡುತ್ತಿತ್ತು. ಗಂಡ ಹೆಂಡಿರ ಜಗಳ ಎಂದು ಹಮಾಲರು ಮುಸಿಮುಸಿ ನಗುತ್ತಿದ್ದರು. ಆಮೇಲೆ ಡ್ರೈವರ್ ಸೀಟಿನಿಂದ ಕಾಕಾ ಕೀಲಿ ಕುಣಿಸುತ್ತ ಇಳಿಯುವರು, ಹಿಂದಿನ ಸೀಟಿನಿಂದ ಕಾಕು.

ನನಗೂ ಆ ಕಾರಿನ ಮೇಲೊಂದು ಸಿಟ್ಟಿತ್ತು. ಒಮ್ಮೆ ಲೋಕಾಪುರದಲ್ಲಿ ಬಸ್ಸು ತಪ್ಪಿ ಬಿಸಿಲಲ್ಲಿ ನಿಂತಿದ್ದೆ. ಎದುರಿಗೆ ಕಾಕಾನ ಕಾರು ಬಂತು. ಮುಂದಿನ ಗಾಜಿನಲ್ಲಿ ಅವರ ಬಿಳಿ ಟೊಪ್ಪಿಗೆ ಕಂಡಿತು. ಎರಡೂ ಕೈ ಎತ್ತಿ ಬೀಸಿದೆ. ಟೊಪ್ಪಿಗೆ ಅಲುಗಲಿಲ್ಲ. ಕಾರು ನನ್ನ ಮುಖಕ್ಕೆ ಧೂಳು ಹಾರಿಸಿ ಮುಧೋಳದ ಕಡೆ ಹೋಯಿತು. ಬಡ ಮಾಸ್ತರನ ಗುರುತು ಶ್ರೀಮಂತ ಕಾಕಾಗೆ ಯಾಕೆ ಹತ್ತೀತು ಎಂದು ವರ್ಷಗಟ್ಟಲೆ ನೆಂಟರ ಮುಂದೆ ಹೇಳಿಕೊಂಡು ತಿರುಗಿದೆ.

ಹೋದ ವಾರ ರಸ್ತೆಯಲ್ಲಿ ಪೊಲೀಸರು ಕಾರು ನಿಲ್ಲಿಸಿ, ಕರಿ ಹಾಳೆ ಹಚ್ಚುವಂತಿಲ್ಲ, ತೆಗೆಯಿರಿ ಎಂದು ಸಮಾಧಾನದಿಂದಲೇ ಹೇಳಿದರು. ಕಾಕಾ ಹಚ್ಚಿಸಿದ್ದು, ಕಾಕು ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಅವಳು ತುಸು ಹೊತ್ತು ಶೆಡ್ಡಿನ ಕಡೆ ನೋಡಿ, ತೆಗಿ ಅಂದಳು. ಬೀಳಗಿಯಲ್ಲಿ ಅವಳ ಅಕ್ಕ ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದಿದ್ದಳು. ಕಾರಿನಲ್ಲಿ ಹೋಗಿ ನೋಡಿಕೊಂಡು ಬರಬೇಕೆಂದು ಕಾಕುವಿನ ಮನಸ್ಸು. ಒಯ್ಯಬೇಕಾದವನು ನಾನೇ ಎಂದು ನನಗೆ ಆಗಲೇ ಆ ವಾಲಿದ ಕಂಬ ನೆನಪಾಯಿತು.

ಹಾಳೆ ತೆಗೆಯುವುದು ಏನು ಮಹಾ ಎಂದು ಮೊಬೈಲಿನಲ್ಲಿ ನೋಡಿಕೊಂಡು ರವಿವಾರ ಹೋದೆ. ಮೊಬೈಲಿನವನು ಒಂದು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಬರುತ್ತಿತ್ತು. ನಾನು ಎಳೆದರೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ಚೂರು ಬಂತು. ಅಂಟೆಲ್ಲ ಗಾಜಿನ ಮೇಲೆಯೇ ಉಳಿಯಿತು. ಬ್ಲೇಡಿನಿಂದ ಕೆರೆದೆ. ಒಂದು ತಾಸಿನಲ್ಲಿ ಅಂಗೈ ಅಗಲ ಗಾಜು ಕಂಡಿತು, ಹೆಬ್ಬೆರಳಿನಲ್ಲಿ ರಕ್ತವೂ ಕಂಡಿತು. ಕಟ್ಟೆಯ ಮೇಲೆ ಕೂತಿದ್ದ ಕಾಕು ತಡೆಯಲಾರದೆ ಎದ್ದು ಬಂದಳು.

“ಗಂಜಿ ಹಿಡದ ಅರಿವಿ ಹಂಗ ಎಳದ್ರ ಬಿಡತೈತೇನು? ನೆನೀಬೇಕು ಅದು,” ಅಂದಳು.

ಅವಳು ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ಕಾರನ್ನು ಬಿಸಿಲಿಗೆ ತಳ್ಳಿಸಿದಳು. ಹಳೆಯ ಸೀರೆಯ ತುಂಡುಗಳನ್ನು ಬಿಸಿ ಸಾಬೂನು ನೀರಿನಲ್ಲಿ ಅದ್ದಿ ಒಳಗಿನಿಂದ ಗಾಜಿಗೆ ಹಚ್ಚಿ, ಬಾಗಿಲು ಮುಚ್ಚಿ, ಚಹಾ ಕುಡಿ ಬಾ ಅಂದಳು. ಎರಡು ಚಹಾ ಆದ ಮೇಲೆ ಮೂಲೆ ಹಿಡಿದು ಮೆಲ್ಲಗೆ ಎಳೆದರೆ ಹಾಳೆ ಮೇಲಿನಿಂದ ಕೆಳಗಿನವರೆಗೆ ಸುಮ್ಮನೆ ಬಂತು. ಉಳಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದೆವು. ಪಕ್ಕದ ಗಾಜುಗಳೆಲ್ಲ ಮುಗಿದು ಹಿಂದಿನ ಗಾಜಿಗೆ ಬಂದೆವು. ಅದರ ಮೇಲೆ ಸಾಲಾಗಿ ತೆಳ್ಳನೆಯ ಕಂದು ಗೆರೆಗಳಿದ್ದವು. ಅವೂ ಅಂಟಿನ ಕಲೆಯೇ ಎಂದು ನಾನು ಮತ್ತೆ ಬ್ಲೇಡ್ ತೆಗೆದೆ.

“ಅಲ್ಲಿ ಬ್ಲೇಡ್ ಹಚ್ಚಬ್ಯಾಡ. ಗುಂಡಿ ಒತ್ತಿದ್ರ ಆ ಗೆರಿ ಕಾದು ಗಾಜಿನ ಮಂಜ ಬಿಡಸತಾವ, ಕಡದ ಹೋದ್ರ ಹಿಂದಿನ ಗಾಡಿ ಕಾಣೂದಿಲ್ಲ.”

ಯಾವ ಗುಂಡಿ ಎಂದು ಕೇಳಿದೆ. ಎರಡು ವರ್ಷ ಆ ಕಾರು ಓಡಿಸಿದವನು ನಾನು, ಅಂಥದೊಂದು ಗುಂಡಿ ಇರುವುದೇ ನನಗೆ ತಿಳಿದಿರಲಿಲ್ಲ. ಕಾಕು ಡ್ರೈವರ್ ಬಾಗಿಲಿನಿಂದ ಕೈ ಹಾಕಿ, ನನ್ನ ಮುಖ ನೋಡುತ್ತಲೇ, ಸ್ಟೇರಿಂಗಿನ ಪಕ್ಕ ಅದನ್ನು ಒತ್ತಿ ತೋರಿಸಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು. 

ನಾನು ಬಿಡಲಿಲ್ಲ, ಓಡಿಸುವವರಿಗಷ್ಟೇ ಬೇಕಾದ ಗುಂಡಿ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವಳು ಬಟ್ಟೆ ಹಿಂಡುತ್ತ ಹೇಳಿದಳು. ಕಾಕಾಗೆ ಸಕ್ಕರೆ ರೋಗದಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಣ್ಣ ಕಾಣದವನ ಅಂಗಡಿಯಲ್ಲಿ ನೂಲು ಯಾರು ಕೊಳ್ಳುತ್ತಾರೆ ಎಂದು ಮನುಷ್ಯ ಅತ್ತರಂತೆ. ಒಂದಿಷ್ಟು ಕಾಣುತ್ತಿರುವಾಗಲೇ ಮುಧೋಳದ ಆಚೆಯ ಬಯಲಿನಲ್ಲಿ ಹೆಂಡತಿಗೆ ಕಾರು ಕಲಿಸಿದರು, ಲೈಸೆನ್ಸ್ ಮಾಡಿಸಿದರು, ಆಮೇಲೆ ಕರಿ ಹಾಳೆ ಹಚ್ಚಿಸಿದರು. ಕಾಕು ಸೆರಗು ಬಿಗಿದು ಅದರ ಮೇಲೆ ಗಂಡನ ಟೊಪ್ಪಿಗೆ ಇಟ್ಟುಕೊಂಡು ಓಡಿಸುವಳು, ಕಾಕಾ ಹಿಂದೆ ಕೂಡುವರು. ಅಂಗಡಿಯ ಹಿಂದೆ ನಿಲ್ಲಿಸಿ ಒಳಗಿನಿಂದೊಳಗೇ ಜಾಗ ಬದಲಿಸುವರು. ಕಾರು ಅಲ್ಲಾಡುತ್ತಿದ್ದದ್ದು ಅದಕ್ಕೆ. ಅಂಗಡಿಯಲ್ಲಿ ಯಾವ ಬಣ್ಣ ಯಾವ ಖಾನೆಯಲ್ಲಿ ಎಂಬುದನ್ನು ಅವಳು ಜೋಡಿಸಿಡುವಳು. ಕಾಕಾ ಕಣ್ಣು ಮುಚ್ಚಿ ಎಳೆ ಮುಟ್ಟಿ, ಅದರ ದಪ್ಪದ ಮೇಲೆ ನೂಲಿನ ನಂಬರು ಹೇಳುವರು. ಜನ ಅದನ್ನು ವಿದ್ಯೆ ಎಂದು ಬೆರಗಾಗುವರು. ಸಂಶಯದ ಗಂಡನ ಕಥೆಯನ್ನು ಮೊದಲು ಹಬ್ಬಿಸಿದವರೂ ಕಾಕಾನೇ.

“ಸಂಶಯದ ಗಂಡ ಅನಸ್ಕೊಳ್ಳೂದು ಹಗರ, ಕುರುಡ ವ್ಯಾಪಾರಿ ಅನಸ್ಕೊಳ್ಳೂದು ಜಡ, ಅಂತಿದ್ರು ನಿಮ್ಮ ಕಾಕಾ,” ಅಂದಳು. ಬಟ್ಟೆಯನ್ನು ಗಾಜಿಗೆ ಒತ್ತುತ್ತ, “ಲೋಕಾಪುರದಾಗ ನಿನ್ನ ನೋಡೀನಿ. ನೀ ಹತ್ತಿದ್ರ ಸಂಜೀ ಅನ್ನೂದ್ರಾಗ ಊರಿಗೆಲ್ಲಾ ಹೇಳತಿದ್ದಿ. ಆದ್ರೂ ಅದೊಂದು ಇನ್ನೂ ಮನಸಿಗೆ ಕಡೀತೈತಿ.”

ನನಗೆ ನಾಚಿಕೆಯಾಯಿತು. ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಬಾಯಿ ಅಂಥದೇ. ಈಗಲೂ ನೋಡಿ, ನಿಮ್ಮ ಮುಂದೆ ಎಲ್ಲ ಬಿಚ್ಚಿಟ್ಟಿದ್ದೇನೆ. ನೂಲಿನ ವ್ಯಾಪಾರಿಗಳು ಆ ಕಡೆ ಬೇಕಾದಷ್ಟು ಜನ ಇದ್ದಾರೆ, ಬನಹಟ್ಟಿ ಎಂದದ್ದು ರಬಕವಿಯೂ ಇರಬಹುದು. ದಯಮಾಡಿ ಹುಡುಕಲು ಹೋಗಬೇಡಿ.

ಸೋಮವಾರ ರಜೆ ಹಾಕಿ ಬೀಳಗಿಗೆ ಹೊರಟೆವು. ನಾನು ಕೀಲಿ ಹಿಡಿದಿದ್ದೆ. ಕಾಕು ಶೆಡ್ಡಿನ ಕಂಬ ನೋಡಿದಳು, ಕೈ ಚಾಚಿದಳು. ಈಗ ಗಾಜು ತಿಳಿಯಾಗಿದೆ, ಪೇಟೆಯೆಲ್ಲ ನೋಡುತ್ತದೆ, ಯಾವಾಗ ಕಲಿತಿರಿ ಎಂದು ಕೇಳಿದರೆ ಕಾಕಾನ ಕಣ್ಣಿನ ತನಕ ಮಾತು ಹೋಗುತ್ತದೆ ಎಂದೆ. ಅವಳು ಕೀಲಿ ತೆಗೆದುಕೊಂಡು ಸ್ಟೇರಿಂಗಿನ ಮುಂದೆ ಕೂತಳು. ಕಂಬಕ್ಕೆ ತಾಗದಂತೆ ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತೆಗೆದಳು.

ಅಂದುಕೊಂಡಂತೆಯೇ ಆಯಿತು. ನೂಲಿನ ಅಂಗಡಿಗಳ ಸಾಲಿನಲ್ಲಿ ಕಾಕಾನ ಹಳೆಯ ಗೆಳೆಯರೊಬ್ಬರು ರಸ್ತೆಗೇ ಇಳಿದು ಬಂದರು. ಕಾಕು ಗಾಜು ಇಳಿಸಿದಳು.

“ಯಾವಾಗ ಕಲತ್ರಿ ವೈನಿ?”

“ಈಗ ಹದಿನೈದ ದಿವಸ ಆತ್ರಿ. ನಮ್ಮ ಮಾಸ್ತರ ಕಲಿಸ್ಯಾನ.”

ಅವರು ನನ್ನ ಕಡೆ ನೋಡಿದರು. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ನಾನು ಬಾಯಿ ಹಿಡಿದದ್ದಿಲ್ಲ. ಹೌದ್ರಿ, ಇನ್ನೂ ಬ್ರೇಕ್ ಸ್ವಲ್ಪ ಜೋರು ಒತ್ತುತ್ತಾಳೆ ಎಂದೆ. ಅವರು ತಲೆಯಾಡಿಸಿ, “ಖರೆ ಹೇಳತೇನಿ, ನಿಮ್ಮ ಕಾಕಾ ಹೊಡದಂಗ ಹೊಡೀತಾರ ನೋಡು. ಅದ ಕೈ,” ಅಂದರು.

ಕಾಕು ಗಾಜು ಏರಿಸಿದಳು. ಕಾರು ಊರು ದಾಟಿತು. ತಿಳಿ ಗಾಜಿನಿಂದ ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು, ಕೆನ್ನೆ ಒದ್ದೆಯಾಗಿತ್ತು. ನಾನು ಕಬ್ಬಿನ ಹೊಲ ನೋಡುತ್ತ ಕೂತೆ.

ಇವತ್ತು ಅಂಗಡಿ ಸಾಲಿನಿಂದ ಇಬ್ಬರು ಫೋನ್ ಮಾಡಿದ್ದರು. ತಮ್ಮ ಮನೆಯವರಿಗೂ ಕಾರು ಕಲಿಸಬೇಕಂತೆ, ಹದಿನೈದೇ ದಿನದಲ್ಲಿ. ದಿಕ್ಕು ತೋಚದೆ ಕಾಕುಗೆ ಕೇಳಿದೆ; ಬರಲಿ ಅಂದಳು. ರವಿವಾರ ಅವಳು ಹಿಂದಿನ ಸೀಟಿನಲ್ಲಿ ಕೂತು ಮೆಲ್ಲಗೆ ಹೇಳುತ್ತಾಳಂತೆ. ನಾನು ಮುಂದೆ ಕೂತು ಅದನ್ನೇ ಜೋರಾಗಿ ಹೇಳಬೇಕು.