ನೆರಳಿಗೆ ಸರಿದ ಗಾಜಿನ ಭರಣಿ

ಆ ಗಿಡದ ಎಲೆ ಎಷ್ಟು ಕೆಂಪಗಿತ್ತು ಎಂದು ಈಗ ಕೇಳಿದರೆ ದಾಸವಾಳದಷ್ಟು ಎಂದುಬಿಡುತ್ತೇನೆ. ನಂಬಬೇಡಿ. ಆಗಿನ ನನ್ನ ನೋಟ್‌ಬುಕ್ಕಿನಲ್ಲಿ ‘ತಿಳಿಗೆಂಪು’ ಎಂದಷ್ಟೇ ಇದೆ. ಎಲೆ ಹಸಿರಾಗಿ ಮತ್ತೆ ಕೆಂಪಾದದ್ದು ಮಾತ್ರ ನಿಜ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಅರವತ್ತರ ದಶಕದ ಕೊನೆ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಕೊಳ್ಳೇಗಾಲದ ನಮ್ಮ ಮನೆಗೆ ಮರಳಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ಅಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಬಣ್ಣದ ವಿಷಯದಲ್ಲಿ ಅವರದೇ ಕೊನೆಯ ಮಾತು. ಯಳಂದೂರಿನ ಕೆರೆಯಂಚಿನಿಂದ ಒಂದು ನೀರುಗಿಡ ಕಿತ್ತು ತಂದು, ಬಿಸ್ಕತ್ತಿನ ಗಾಜಿನ ಭರಣಿಯಲ್ಲಿ ನೆಟ್ಟು ಒಳಮನೆಯಲ್ಲಿಟ್ಟೆ. ಕೆಲವೇ ವಾರಗಳಲ್ಲಿ ಕೆಂಪೆಲೆ ಉದುರಿ, ಹೊಸ ಚಿಗುರೆಲ್ಲ ಹಸಿರಾಯಿತು.

“ನಿನ್ ಗಿಡ ಬಣ್ಣ ಬುಡ್ತಲ್ಲೋ!” ಎಂದರು ಅಪ್ಪ. ಬಣ್ಣ ಹಾಕುವವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

“ಬೆಳಕು ಸಾಲ್ದು ಕಣಪ್ಪ. ಬಿಸ್ಲಿಗಿಟ್ರೆ ಕೆಂಪಾಯ್ತದೆ.”

“ಬಿಸ್ಲು ಬಣ್ಣ ತಿಂತದೆ ಕಣ್ಲಾ, ಕೊಡಲ್ಲ. ಮೈಸೂರಲ್ಲಿ ಇದ್ನೇನ್ಲಾ ಓದಿದ್ದು?”

ಓದಿದ್ದು ದಂಡವಲ್ಲ ಎಂದು ಅಪ್ಪನ ಬಾಯಿಂದಲೇ ಹೇಳಿಸಬೇಕು ಎಂಬ ಹಟ ಆಗ ಹುಟ್ಟಿತು. ಭರಣಿಯನ್ನು ಬಿಸಿಲು ಬೀಳುವ ಜಗಲಿಗೆ ತಂದಿಟ್ಟೆ. ದಿನಾ ಸಂಜೆ ಸ್ಕೂಲಿಂದ ಬಂದು ನೋಡುತ್ತಿದ್ದೆ. ಹಸಿರು. ಇನ್ನೂ ಹಸಿರು. ನನಗೆ ಪಾಠ ಹೇಳಿದವರೇ ತಪ್ಪು ಎಂದು ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ.

ಒಂದು ದಿನ ಮಧ್ಯಾಹ್ನಕ್ಕೇ ಸ್ಕೂಲು ಬಿಟ್ಟಿತು. ಮನೆಗೆ ಬಂದರೆ ಜಗಲಿ ಖಾಲಿ. ಭರಣಿ ಹಿತ್ತಿಲ ಚಪ್ಪರದಡಿ, ಒಣಗಲು ಹಾಕಿದ ನೂಲಿನ ಲಡಿಗಳ ಕೆಳಗೆ ತಣ್ಣಗೆ ಕುಳಿತಿತ್ತು.

“ನೀನ್ ಅತ್ಲಾಗ್ ಓಯ್ತಿದ್ದಂಗೇ ಇಲ್ಲಿ ತಂದ್ ಮಡಗ್ತೀನಿ, ನೀನ್ ಬರೋ ಒತ್ಗೆ ವಾಪಸ್ಸು,” ಎಂದರು ಅಪ್ಪ, ಅಳುಕೇ ಇಲ್ಲದೆ. “ನೂಲ್ನೇ ನೆಳ್ಳಲ್ಲಿ ಒಣಾಕ್ತೀವಿ. ಇರೋ ಬಣ್ಣಾನೂ ಓಗ್ಬುಟ್ರೆ ಮೊಕ ಊದುಸ್ಕಂಡ್ ಕೂರೋನು ನೀನೇ.”

ಮಾರನೆಯ ದಿನ ಭರಣಿಯನ್ನು ಸೈಕಲ್ಲಿಗೆ ಕಟ್ಟಿ ಸ್ಕೂಲಿಗೇ ಒಯ್ದು, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ದಾರಿಯಲ್ಲಿ ನೀರು ಚೆಲ್ಲಿತ್ತು. ಬೇರೆ ನೀರು ತುಂಬಿದೆನೆ? ಕೆರೆಯ ಗೋಡುಮಣ್ಣು ಸೇರಿಸಿದೆನೆ? ನೋಟ್‌ಬುಕ್ಕಿನಲ್ಲಿಲ್ಲ. ಸೇರಿಸಿದ್ದರೆ ಆ ಕೆಂಪಿನಲ್ಲಿ ಮಣ್ಣಿನ ಕಬ್ಬಿಣಕ್ಕೂ ಒಂದು ಪಾಲು ಕೊಡಬೇಕು. ಕೊಡುತ್ತೇನೆ. ಆದರೆ ಬಲವಾದ ಬಿಸಿಲಿಗೆ ಎಲೆ ತನ್ನ ರಕ್ಷಣೆಗೆ ತಾನೇ ಕೆಂಪು ಕಟ್ಟಿಕೊಳ್ಳುತ್ತದೆ, ನೆರಳಲ್ಲಿ ಅದಕ್ಕೆ ಆ ಕೆಂಪು ಬೇಕಿಲ್ಲ. ಈ ಮಾತನ್ನು ಹಿಂತೆಗೆದುಕೊಳ್ಳಲಾರೆ.

ತುದಿಯ ಚಿಗುರು ಕೆಂಪಾದ ಮೇಲೆ ಭರಣಿಯನ್ನು ಮನೆಗೆ ತಂದು ಅಪ್ಪನ ಮುಂದಿಟ್ಟೆ. ಅವರು ಒಂದು ಎಲೆ ಚಿವುಟಿ ಬಾಗಿಲ ಬೆಳಕಿಗೆ ಒಯ್ದರು. ಒದ್ದೆ ಬಿಳಿಬಟ್ಟೆಯ ಮೇಲೆ, ಬಣ್ಣ ಬಿಡುತ್ತದೆಯೇ ಎಂದು ನೂಲನ್ನು ಪರೀಕ್ಷಿಸುವ ಹಾಗೆಯೇ, ಮೆಲ್ಲಗೆ ಒತ್ತಿ ಎಳೆದರು. ಬಟ್ಟೆ ಬೆಳ್ಳಗೇ ಇತ್ತು.

“ಕೆಳಗಿನವು ಅಸ್ರಾಗೇ ಅವಲ್ಲಾ?”

“ಅವು ನೀನು ನೆಳ್ಳಿಗಿಟ್ಟಾಗ ಬಂದವು.”

“ಅಂಗಾರೆ ಅವು ನನ್ವು. ಮೇಲಿನವು ನಿನ್ವು,” ಎಂದು ಎದ್ದುಹೋದರು.

ಓದಿದ್ದು ದಂಡವಲ್ಲ ಎಂದು ಅವರು ಯಾವತ್ತೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಭರಣಿಯನ್ನು ಮತ್ತೆ ಜಗಲಿಯಲ್ಲಿಟ್ಟು ಹೋದವನು, ಮಧ್ಯಾಹ್ನ ಬೇಕೆಂದೇ ಸ್ಕೂಲಿಂದ ಒಂದು ಸುತ್ತು ಮನೆಗೆ ಬಂದೆ. ನೂಲು ನೆರಳಲ್ಲಿತ್ತು. ಭರಣಿ ಜಗಲಿಯ ಬಿಸಿಲಲ್ಲೇ ಇತ್ತು.