ಕಿರುಬೆರಳಿನ ಅಳತೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪ್ಲಾಸ್ಟಿಕ್ ಜಾಲರಿಯೊಂದು ಎಪ್ಪತ್ತು ಡಿಗ್ರಿ ಬಿಸಿನೀರಿಗೆ ಇಳಿಯುತ್ತದೆ. ಮೇಜಿನ ಮೇಲೆ ಮಲಗಿದ ರೋಗಿ, ಬಟ್ಟೆ ಹೊಲಿಯುವವಳು. ಆ ಹೊಲಿಗೆಯವಳಿಗೆ, ಇಲ್ಲಿ ಎಲ್ಲರೂ ಮುಖವಾಡದಕ್ಕ ಎನ್ನುವ ತಂತ್ರಜ್ಞೆ ಹೇಳುತ್ತಾರೆ: "ಅಳು ಬಂದ್ರೆ ಈಗ್ಲೇ ಅತ್ತುಬಿಡಮ್ಮ. ಹೋದ ಸಲದ ಹಾಗೆ ಹಲ್ಲು ಕಚ್ಚಬೇಡ."

"ಅಳತೆ ತಪ್ಪಿದ್ರೆ ನಾವೂ ಬಿಚ್ಚಿ ಹೊಲೀತೀವಿ ಬಿಡಕ್ಕ. ಅದಕ್ಕೇನು ನಾಚಿಕೆ?"

ಮಿದುಳಿನ ಗಡ್ಡೆಗೆ ಪ್ರೋಟಾನ್ ಕಿರಣ ಕೊಡುವಾಗ ತಲೆ ಕದಲದಂತೆ ಹಿಡಿಯುವುದು, ಮೆತ್ತಗಾದ ಜಾಲರಿಯನ್ನು ಮುಖಕ್ಕೆ ಒತ್ತಿ ಮಾಡುವ ಈ ಮುಖವಾಡ. ದಿನಕ್ಕೆ ಆರರಂತೆ ಹನ್ನೊಂದು ವರ್ಷದಿಂದ ಅಕ್ಕ ಇವನ್ನು ಮಾಡುತ್ತಿದ್ದಾರೆ. ಕಿರಣ ಗಡ್ಡೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಆಚೆಯ ಮಿದುಳು ಉಳಿಯುತ್ತದೆ. ತಲೆ ಜರುಗಿದರೆ ಅದು ನಿಲ್ಲುವ ಜಾಗವೇ ಬೇರೆ. ಯಂತ್ರ ಬಂದ ದಿನದ ಫೋಟೊದಲ್ಲಿ ರಿಬ್ಬನ್ ಹಿಡಿದವರೂ ಇದ್ದಾರೆ, ಅಕ್ಕ ಇಲ್ಲ. ಅವರ ಸಿಟ್ಟು ಅದಕ್ಕಲ್ಲ, ಮುಂಬಾಗಿಲ ಫಲಕದ 'ಅಡ್ಡಪರಿಣಾಮವೇ ಇಲ್ಲ' ಎಂಬ ಸಾಲಿಗೆ.

"ಇಲ್ವಂತೆ! ಹಾಗಾದ್ರೆ ಈ ಮೇಜಿನ ಮೇಲೆ ಉದುರೋ ಕೂದಲು ಯಾರದ್ದು? ಗೋಡೆ ಹಿಡ್ಕೊಂಡು ನಡೆಯೋರೆಲ್ಲ ನಾಟಕ ಆಡ್ತಾರಾ? ಕಡಿಮೆ ಅನ್ನಿ, ಒಪ್ತೀನಿ. ಎಲ್ಲ ಗಡ್ಡೆಗೂ ಇದೇ ಮದ್ದಲ್ಲ ಅಂತ ಡಾಕ್ಟರೇ ಹೇಳ್ತಾರೆ. ಇಲ್ಲವೇ ಇಲ್ಲ ಅಂತ ಬರೆಯೋಕೆ ಕೈ ಹೇಗೆ ಬಂತು?"

ಹೊಲಿಗೆಯವಳ ಗಡ್ಡೆ ಕಣ್ಣಿನ ನರಕ್ಕೆ ಅಂಟಿದಂತಿದೆ. ಮೊದಲ ಮುಖವಾಡ ಮಾಡಿದ ದಿನ ಹೆದರಿಕೆಗೆ ಅವಳ ದವಡೆ ಬಿಗಿದಿತ್ತು. ಮುಖವಾಡವೂ ಹಾಗೇ ಗಟ್ಟಿಯಾಯಿತು. ಚಿಕಿತ್ಸೆಯ ಒಂಬತ್ತನೆಯ ದಿನಕ್ಕೆ ಹೆದರಿಕೆ ಹೋಗಿ ದವಡೆ ಸಡಿಲವಾಗಿತ್ತು. ಗಲ್ಲದ ಬಳಿ ಅಕ್ಕನ ಕಿರುಬೆರಳು ಮುಖವಾಡದೊಳಗೆ ತೂರಿತು. ಅಕ್ಕ ಅಲ್ಲಿಗೇ ಆ ದಿನದ ಚಿಕಿತ್ಸೆ ನಿಲ್ಲಿಸಿದರು. "ತಪ್ಪು ನಂದೇ. ಆವತ್ತೇ ಅವಳ ದವಡೆ ಮುಟ್ಟಿ ನೋಡಬೇಕಿತ್ತು."

ಆಡಳಿತಾಧಿಕಾರಿ ಕೆಂಡವಾಗಿ ಓಡಿಬಂದಿದ್ದರು. "ತಲೆ ಎರಡು ಮಿಲಿಮೀಟರ್ ಜರುಗುತ್ತೆ ಅಂತ ಎರಡು ದಿನದ ಸರದಿ ಹಾಳು ಮಾಡ್ತೀರಾ? ನಿಮ್ಮ ಬೆರಳೇನು ಯಂತ್ರಕ್ಕಿಂತ ಹೆಚ್ಚಾ?"

"ಆ ಎರಡು ಮಿಲಿಮೀಟರಲ್ಲಿ ಇವಳ ಕಣ್ಣಿದೆ ಸಾರ್. ಸೂಜಿಗೆ ದಾರ ನೀವು ಪೋಣಿಸಿ ಕೊಡ್ತೀರಾ?"

ಡಾಕ್ಟರು ಮುಖವಾಡ ನೋಡಿ ಹೊಸ ಮುಖವಾಡಕ್ಕೂ ಹೊಸ ಸ್ಕ್ಯಾನಿಗೂ ಬರೆದುಕೊಟ್ಟರು. ಆದರೂ ಅಕ್ಕನಿಗೆ ನೋಟಿಸ್ ಬಂದಿದೆ: ವಿಳಂಬಕ್ಕೆ ಕಾರಣ ಬರೆದುಕೊಡಬೇಕು. ಫಲಕದ ಸುಳ್ಳಿಗೆ ಕಾರಣ ಕೇಳಿದವರು ಯಾರೂ ಇಲ್ಲ.

ಹತ್ತು ನಿಮಿಷದಲ್ಲಿ ಹೊಸ ಜಾಲರಿ ಹೊಲಿಗೆಯವಳ ಮುಖದ ಮೇಲೆ ಗಟ್ಟಿಯಾಗುತ್ತದೆ. ಅಕ್ಕ ಹಣೆ, ಕೆನ್ನೆ, ಗಲ್ಲದ ಸುತ್ತ ಬೆರಳಾಡಿಸುತ್ತಾರೆ. ಆಮೇಲೆ ಕೈ ಒರೆಸಿಕೊಂಡು, ನೋಟಿಸಿನ ಕೆಳಗಿನ ಖಾಲಿ ಜಾಗದಲ್ಲಿ ದುಂಡಗೆ ಬರೆಯುತ್ತಾರೆ: "ಕಿರುಬೆರಳು ಹೋಗುತ್ತಿತ್ತು. ಈಗ ಹೋಗುವುದಿಲ್ಲ."